ಚಿಟಿಕೆ ಪುಡಿಗೆ ಸಾವಿರಾರು ರೂಪಾಯಿ ಯಾಕೆ?

ಪ್ರಶ್ನೆ: ಮಗಳು ಬೆಂಗಳೂರಿನ ಹತ್ತಿರ ಒಂದು ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬಿಗೆ ಹೊಸದಾಗಿ ಸೇರಿದ್ದಾಳೆ. ಅಲ್ಲಿ ಮೆಸಾಲಮೈನ್‌ನ ‘ರೆಫರೆನ್ಸ್ ಸ್ಟ್ಯಾಂಡರ್ಡ್’ ಅಂತ ಒಂದು ಪುಟಾಣಿ ಬಾಟಲಿ ಇದೆಯಂತೆ, ಬೆಲೆ ಸಾವಿರಾರು ರೂಪಾಯಿಯಂತೆ. ನಮ್ಮ ಭಾವ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ಗೆ ಇದೇ ಮಾತ್ರೆ ತಿನ್ನುತ್ತಾರೆ. ಅಷ್ಟು ದುಬಾರಿ ಅಂದರೆ ಅದಕ್ಕೆ ಪವರ್ ಜಾಸ್ತಿಯಾ? — ಹಾಸನದ ಓದುಗರು

ಉತ್ತರ: ಇಲ್ಲ, ಪವರ್ ಒಂದು ಚೂರೂ ಜಾಸ್ತಿ ಇಲ್ಲ. ಭಾವನವರ ಮಾತ್ರೆಯಲ್ಲಿರುವುದೂ ಅದೇ, ಬಾಟಲಿಯಲ್ಲಿರುವುದೂ ಅದೇ. ಆದರೆ ಬಾಟಲಿಯಲ್ಲಿರುವುದು ತಿನ್ನುವುದಕ್ಕಲ್ಲ, ಅಳೆಯುವುದಕ್ಕೆ. ಅಂಗಡಿಯ ತಕ್ಕಡಿ ಸರಿ ಇದೆಯೋ ಇಲ್ಲವೋ ಅಂತ ನೋಡಲು ಇನ್ಸ್‌ಪೆಕ್ಟರು ಮುದ್ರೆ ಹಾಕಿದ ತೂಕದ ಬಟ್ಟು ತರುತ್ತಾರಲ್ಲ, ಹಾಗೆ.

ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಅನ್ನುವ, ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರೆಬೇರೆ ಮಾಡಿ ಅಳೆಯುವ ಯಂತ್ರ ಇರುತ್ತದೆ. ಅದು ‘ಈ ಮಾತ್ರೆಯಲ್ಲಿ ಇಷ್ಟು ಮಿಲಿಗ್ರಾಂ ಇದೆ’ ಅಂತ ತಾನಾಗಿ ಹೇಳುವುದಿಲ್ಲ. ಪರದೆ ಮೇಲೆ ಒಂದು ಪೀಕ್, ಅಂದರೆ ಗುಡ್ಡದ ಹಾಗೆ ಏರಿ ಇಳಿಯುವ ಗೆರೆ, ತೋರಿಸುತ್ತದೆ, ಅಷ್ಟೇ. ಹಾಗಾಗಿ ಮೊದಲು ಸ್ಟ್ಯಾಂಡರ್ಡನ್ನು ಕರಾರುವಾಕ್ಕಾಗಿ ತೂಗಿ, ಕರಗಿಸಿ, ಯಂತ್ರಕ್ಕೆ ಕೊಡುತ್ತಾರೆ, ಆಮೇಲೆ ಮಾತ್ರೆಯ ದ್ರಾವಣ ಕೊಡುತ್ತಾರೆ, ಎರಡು ಪೀಕ್‌ಗಳ ವಿಸ್ತೀರ್ಣ ಹೋಲಿಸಿ ಲೆಕ್ಕ ಹಾಕುತ್ತಾರೆ. ಈಗ ನೋಡಿ, ಸ್ಟ್ಯಾಂಡರ್ಡ್ ನಿಜವಾಗಿ 98 ಶೇಕಡಾ ಶುದ್ಧ ಇದ್ದು, ನೀವು 100 ಅಂತ ಲೆಕ್ಕ ಹಿಡಿದಿರಿ ಅಂದುಕೊಳ್ಳಿ. ಮಾತ್ರೆಯಲ್ಲಿ 392 ಮಿಲಿಗ್ರಾಂ ಮಾತ್ರ ಇದ್ದರೂ ರಿಪೋರ್ಟಿನಲ್ಲಿ 400 ಅಂತ ಬರುತ್ತದೆ. ಒಂದು ಮಾತ್ರೆಗಲ್ಲ, ಆ ಬಾಟಲಿಯಿಂದ ಪರೀಕ್ಷೆ ಮಾಡಿದ ಅಷ್ಟೂ ಬ್ಯಾಚಿಗೆ! ಯಂತ್ರ ಎಷ್ಟು ಕೋಟಿಯದಾದರೂ ಈ ತಪ್ಪು ಅದಕ್ಕೆ ಗೊತ್ತಾಗುವುದೇ ಇಲ್ಲ.

ಹಾಗಾಗಿ ದುಡ್ಡು ಹೋಗುವುದು ಪುಡಿಗಲ್ಲ, ಅದರ ಮೇಲಿನ ಖಾತ್ರಿಗೆ. ಇದು ಮೆಸಾಲಮೈನೇ ಹೌದಾ, ನೀರಿನ ಅಂಶ ಎಷ್ಟು, ಉಳಿದ ದ್ರಾವಕ ಎಷ್ಟು, ಬೇರೆ ಕಲ್ಮಶ ಎಷ್ಟು ಅಂತ ಒಂದೊಂದಾಗಿ ಅಳೆದು, ಹಲವು ಲ್ಯಾಬುಗಳಲ್ಲಿ ತಾಳೆ ನೋಡಿ, ಆಮೇಲೆ ಅದಕ್ಕೊಂದು ಶುದ್ಧತೆಯ ಅಂಕಿ ಕೊಡುತ್ತಾರೆ. ದಿನದ ಕೆಲಸಕ್ಕೆ ಆ ಬಾಟಲಿಯನ್ನೇ ಬಳಸಿ ಖಾಲಿ ಮಾಡುವುದಿಲ್ಲ. ಕಂಪನಿಯವರು ತಮ್ಮದೇ ಒಳ್ಳೆಯ ಬ್ಯಾಚೊಂದನ್ನು ಅದರ ಜೊತೆ ತಾಳೆ ನೋಡಿ ‘ವರ್ಕಿಂಗ್ ಸ್ಟ್ಯಾಂಡರ್ಡ್’ ಮಾಡಿಕೊಳ್ಳುತ್ತಾರೆ. ನಿಮ್ಮ ಮಗಳನ್ನೇ ಕೇಳಿ, ಅವಳ ಕೈಗೆ ಜಾಸ್ತಿ ಬರುವುದು ಅದೇ ಇರಬಹುದು.

ಪ್ರಶ್ನೆ: ಈ ಸ್ಟ್ಯಾಂಡರ್ಡ್ ಕೊಡುವವರು ಯಾರು? ಭಾರತದಲ್ಲಿ ಸಿಗುವುದಿಲ್ಲವೇ? — ಬಿ.ಫಾರ್ಮ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಔಷಧಗಳ ಗುಣಮಟ್ಟ ಹೇಗಿರಬೇಕು ಅಂತ ಹೇಳುವ ಗ್ರಂಥಕ್ಕೆ ಫಾರ್ಮಕೊಪಿಯಾ ಅನ್ನುತ್ತಾರೆ. ಯಾವ ಗ್ರಂಥದ ಪ್ರಕಾರ ಪರೀಕ್ಷೆ ಮಾಡುತ್ತೀರೋ ಆ ಗ್ರಂಥದವರ ಸ್ಟ್ಯಾಂಡರ್ಡ್ ಬೇಕು. ಅಮೆರಿಕಕ್ಕೆ ಮಾಲು ಕಳಿಸುವವರು ಅಲ್ಲಿನ ಫಾರ್ಮಕೊಪಿಯಾ ಸಂಸ್ಥೆಯಾದ ಯುಎಸ್‌ಪಿಯದು ತರಿಸುತ್ತಾರೆ, ಅದು 1820ರಲ್ಲಿ ಶುರುವಾದ ಸಂಸ್ಥೆ. ಯುರೋಪಿನದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ಬರುತ್ತದೆ. ನಮ್ಮದು ಇಂಡಿಯನ್ ಫಾರ್ಮಕೊಪಿಯಾ ಕಮಿಷನ್, ಗಾಜಿಯಾಬಾದ್‌ನಲ್ಲಿದೆ, ಅವರೂ ಸ್ಟ್ಯಾಂಡರ್ಡ್ ತಯಾರಿಸಿ ಮಾರುತ್ತಾರೆ. ಹುಡುಕುವಾಗ ಒಂದು ನೆನಪಿಡಿ: ಅಮೆರಿಕದವರು ಮೆಸಾಲಮೈನ್ ಅನ್ನುವುದನ್ನೇ ಯುರೋಪಿನವರು ಮೆಸಾಲಜೀನ್ ಅನ್ನುತ್ತಾರೆ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಈ ಪುಡಿ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ. ಅವಧಿ ಇನ್ನೂ ಇದೆ. ಬಳಸಬಹುದಾ? — ಹೆಸರು ಬೇಡ

ಉತ್ತರ: ಬೇಡ. ಮೊದಲು ನಿಮ್ಮ ಮೇಲಿನವರಿಗೆ ತಿಳಿಸಿ. ಮೆಸಾಲಮೈನ್ ಗಾಳಿ ಬೆಳಕು ಎರಡಕ್ಕೂ ಕೆಡುವ ಪದಾರ್ಥ, ಆಕ್ಸಿಡೈಸ್ ಆದರೆ ಬಣ್ಣ ತಿರುಗುತ್ತದೆ. ಲೇಬಲ್ ಮೇಲಿನ ತಾರೀಖು ಸರಿಯಾಗಿ ಇಟ್ಟ ಬಾಟಲಿಗೆ ಮಾತ್ರ. ಫ್ರಿಜ್‌ನಲ್ಲಿಡುವ ಸ್ಟ್ಯಾಂಡರ್ಡ್ ಆದರೆ ತಣ್ಣಗಿರುವಾಗಲೇ ಮುಚ್ಚಳ ತೆಗೆಯಬೇಡಿ, ಒಳಗೆ ತೇವ ಕೂರುತ್ತದೆ. ರೂಮಿನ ಬಿಸಿಗೆ ಬರುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಆಮೇಲೆ ರಿಸಲ್ಟ್ ಕೈಕೊಟ್ಟಾಗ ಯಂತ್ರದೊಳಗಿನ ಕೊಳವೆಯನ್ನು (ಕಾಲಮ್) ಬೈಯುತ್ತಾರೆ.

ಪ್ರಶ್ನೆ: ನನ್ನ ತಾಯಿಗೆ ಇದೇ ಕಾಯಿಲೆಗೆ ಸಲ್ಫಾಸಲಜೀನ್ ಕೊಡುತ್ತಿದ್ದರು. ನನಗೆ ಮೆಸಾಲಮೈನ್ ಬರೆದಿದ್ದಾರೆ. ಹೊಸದೇ ಒಳ್ಳೆಯದಾ? — ಶಿವಮೊಗ್ಗ

ಉತ್ತರ: ಹಳೆಯದರೊಳಗೇ ಹೊಸದು ಇತ್ತು ಅನ್ನಿ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಜ್ 1940ರ ದಶಕದಲ್ಲಿ ಸಲ್ಫಾಸಲಜೀನ್ ಬಳಕೆಗೆ ತಂದರು. ಅದು ದೊಡ್ಡ ಕರುಳು ಮುಟ್ಟಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಎರಡಾಗಿ ಒಡೆಯುತ್ತವೆ: ಒಂದು ಸಲ್ಫಾ ಭಾಗ, ಇನ್ನೊಂದು ಮೆಸಾಲಮೈನ್. ಇವೆರಡರಲ್ಲಿ ಕೆಲಸ ಮಾಡುವುದು ಯಾವುದು? 1977ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಜಾದ್ ಖಾನ್ ಮತ್ತವರ ಜೊತೆಗಾರರು ಎರಡನ್ನೂ ಬೇರೆಬೇರೆಯಾಗಿ ಎನಿಮಾ ರೂಪದಲ್ಲಿ, ಅಂದರೆ ಗುದದ್ವಾರದ ಮೂಲಕ, ಕೊಟ್ಟು ನೋಡಿದರು. ಗುಣ ಕಂಡಿದ್ದು ಮೆಸಾಲಮೈನ್‌ನಿಂದ. ತಲೆನೋವು, ವಾಕರಿಕೆಯಂಥ ತೊಂದರೆಗಳಲ್ಲಿ ಹೆಚ್ಚಿನವು ಸಲ್ಫಾ ಭಾಗದಿಂದ. ಸಲ್ಫಾ ಒಗ್ಗುವವರಿಗೆ ಹಳೆಯ ಮಾತ್ರೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕೀಲುನೋವೂ ಇದ್ದರೆ ವೈದ್ಯರು ಈಗಲೂ ಅದನ್ನೇ ಬರೆಯುವುದುಂಟು.

ಪ್ರಶ್ನೆ: ಮೆಸಾಲಮೈನ್ ಮಾತ್ರೆ ಇಡಿಯಾಗಿ ಮಲದಲ್ಲಿ ಬಂದಂತೆ ಕಾಣುತ್ತದೆ. ಅರ್ಧ ಮಾಡಿ ನುಂಗಲಾ? — ತುಮಕೂರು

ಉತ್ತರ: ದಯವಿಟ್ಟು ಬೇಡ. ಹೊಟ್ಟೆಯಲ್ಲಿ ಕರಗದೆ ಮುಂದೆ ಹೋಗಲಿ ಅಂತಲೇ ಅದರ ಮೇಲೆ ಲೇಪ ಹಾಕಿರುತ್ತಾರೆ. ಲ್ಯಾಬಿನಲ್ಲೂ ಇಂಥ ಮಾತ್ರೆಯನ್ನು 2 ಗಂಟೆ ಆಮ್ಲದಲ್ಲಿ ತಿರುಗಿಸಿ, ಔಷಧ ಹೊರಬರಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಕರುಳಿನಂಥ ದ್ರಾವಣಕ್ಕೆ ಹಾಕಿ ಕರಗುತ್ತದಾ ನೋಡುತ್ತಾರೆ. ಮುರಿದರೆ ಆ ಲೇಪವೇ ಹಾಳು. ಒಮ್ಮೊಮ್ಮೆ ಬರೀ ಸಿಪ್ಪೆ ಹೊರಬರುವುದುಂಟು, ಗಾಬರಿ ಬೇಡ. ಪದೇಪದೇ ಇಡಿಯಾಗಿ ಬರುತ್ತಿದ್ದರೆ ವೈದ್ಯರಿಗೆ ಹೇಳಿ, ಬೇರೆ ಲೇಪದ್ದು ಬರೆಯಬಹುದು. ಹೋದಾಗ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತಲೂ ಕೇಳಿ. ಈ ಔಷಧ ವರ್ಷಗಟ್ಟಲೆ ತಿನ್ನುವವರಿಗೆ ಅದು ಬೇಕೇ ಬೇಕು.