ಅವ್ವನ ಎಮ್ಮಿ, ಜರ್ಮನಿಯ ಹಾಲು

ತಂಗಿ, ಮುಧೋಳದಿಂದ ಜರ್ಮನಿಗೆ ಓದಾಕ ಬರೋಕಿಂತ ಮೊದ್ಲ ನೀ ಎರಡು ಕೇಳಿದಿ: ಅಲ್ಲಿ ಹಾಲು, ಮೊಸರು, ತುಪ್ಪ ಬಿಟ್ಟು ವೀಗನ್ ಆಗಿ ಇರಾಕ ಆಗತೈತೇನು, ಎಮ್ಮಿ ಹೈನದ ರೊಕ್ಕದಾಗ ಓದಿಸಿದ ಅವ್ವಗ ಇದನ್ನ ಹೆಂಗ ಹೇಳ್ಲಿ.

ಮೊದಲನೇದು ಹಗುರ. ಯುರೋಪಿನ ಕಾಯ್ದೆ ಪ್ರಕಾರ ಪೊಟ್ಟಣದ ಮ್ಯಾಲ ಅಲರ್ಜಿ ಮಾಡೋ ಪದಾರ್ಥಗಳ ಹೆಸರು ಎದ್ದು ಕಾಣೂಹಂಗ ಇರಬೇಕು. ಅದರಾಗ ಹಾಲೂ ಒಂದು. 'ಮಿಲ್ಶ್' (ಹಾಲು) ಅಂತ ಹುಡುಕು, ಜೋಡಿಗೆ ಬೆಣ್ಣಿ, ಕೆನಿ, ಚೀಸಿನ ಹೆಸರೂ ನೋಡು. ಓಟ್ಸ್ ಡ್ರಿಂಕಿಗೆ 19 ಪರ್ಸೆಂಟ್ ತೆರಿಗಿ, ಆಕಳ ಹಾಲಿಗೆ 7. ಇದು ನನಗ ಅನ್ಯಾಯ ಅನಸತೈತಿ. ಊಟದ ಚಿಂತಿ ನಿನಗ ಬ್ಯಾಡ. ಜ್ವಾಳದ ರೊಟ್ಟಿ, ಮಡಕಿ ಕಾಳ ಪಲ್ಯ, ಪುಂಡಿಪಲ್ಯ, ಜುಣಕ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ. ಇದರಾಗ ಹಾಲಿನ ಹನಿ ಎಲ್ಲೈತಿ?

ಎರಡನೇದು ಭಾರ. ಇಲ್ಲಿಯ ಡೇರಿಗಳಾಗ ಸಾಮಾನ್ಯವಾಗಿ ಕರು ಹುಟ್ಟಿದ ಕೆಲವು ತಾಸಿನಾಗ, ಇಲ್ಲಾ ಒಂದೆರಡು ದಿನದಾಗ ತಾಯಿಂದ ಬ್ಯಾರೆ ಮಾಡ್ತಾರ. ಇದನ್ನ ಕೇಳಿ ಇಲ್ಲಿರೋ ನಮ್ಮ ಮಂದಿ, "ನಮ್ಮೂರಾಗ ಹಂಗಿಲ್ಲ, ಕರು ಕುಡಿದು ಉಳಿದದ್ದನ್ನ ಹಿಂಡ್ತೀವಿ" ಅಂತಾರ. ಕೋಣಗರು ಏನಾಗತೈತಿ ಅಂತ ಯಾರೂ ಬಾಯಿ ಬಿಡಂಗಿಲ್ಲ. ಹೆಣ್ಣಗರುವಿಗೆ ಸಿಗೋ ಹಾಲು ಎಷ್ಟೋ ಮನಿಯೊಳಗ ಅದಕ್ಕ ಸಿಗಂಗಿಲ್ಲ. ಸೊರಗಿ ಸಾಯತೈತಿ, ಇಲ್ಲಾ ಸಂತಿಗೆ ಹೋಗತೈತಿ. ಸತ್ತ ಕರುವಿನ ಚರ್ಮದಾಗ ಹುಲ್ಲು ತುಂಬಿ, ಎಮ್ಮಿ ಮುಂದ ನಿಲ್ಲಿಸಿ ಹಾಲು ಇಳಿಸೋ ಪದ್ಧತಿ ನಮ್ಮ ದೇಶದ್ದ. ಕರ್ನಾಟಕದ 2020ರ ಗೋಹತ್ಯೆ ತಡೆಯೋ ಕಾಯ್ದೆಯೊಳಗೂ 13 ವರ್ಷ ದಾಟಿದ ಎಮ್ಮಿಗೆ ರಕ್ಷಣೆ ಇಲ್ಲ. ಹಂಗಾಗಿ ತವರಿನ ನೆನಪು ಹಿಡ್ಕೊಂಡು ಅವ್ವನ ಹಾಲಿಗೆ ಮಾಫಿ ಕೊಡಾಕ ನಾ ಹೇಳಂಗಿಲ್ಲ.

ಆದ್ರ ನೀ ಬಿಟ್ಟದ್ದರ ಭಾರ ಯಾರ ತಲಿ ಮ್ಯಾಲ ಬೀಳತೈತಿ ಅಂತ ನೋಡು. ಇಲ್ಲಿಯ ಅಂಗಡಿ ಹಾಲು ಬಿಟ್ರ ಯಾರ ಮನಸೂ ನೋಯಂಗಿಲ್ಲ. ನಿಮ್ಮ ಕಡೆ ಕಬ್ಬಿನ ಬಿಲ್ಲು ತಿಂಗಳುಗಟ್ಟಲೆ ತಡ ಆಗೋವಾಗ, ಅವ್ವನ ಕೈಗೆ ತಪ್ಪದ ಬರೋ ರೊಕ್ಕ ಹಾಲಿಂದು. ಎಮ್ಮಿ ಮಾರು ಅನ್ನಾಕ ನಿನಗ ಹಕ್ಕಿಲ್ಲ. ಅದರ ಬದಲಿ ದುಡಿಮಿ ನೀ ತೋರಿಸೋತನಕ ಅಂತೂ ಇಲ್ಲ. ನಿನ್ನ ತಾಟಿನ ಮಾತು ಮಾತ್ರ ನಿಂದು. ಹೊರಡೋಕಿಂತ ಮೊದ್ಲ, ಅಕಿ ತುಪ್ಪ ಕಾಸೋಕಿಂತ ಮೊದ್ಲ, ಎದುರು ಕುಂತು ಹೇಳು. ಡಬ್ಬಿ ಹೊತ್ಕೊಂಡು ಬಂದು ಇಲ್ಲಿ ಯಾರಿಗರೆ ಕೊಟ್ಟು "ಉಂಡೆ ಅವ್ವಾ" ಅಂತ ಸುಳ್ಳು ಹೇಳಬ್ಯಾಡ. ಅಕಿ ಅತ್ರೂ ಖರೇನ ಹೇಳು.

ನಾ ಊರಿಗೆ ಹೋದ್ರೂ ಚಾಕ್ಕ ಹಾಲು ಹಾಕಿಸ್ಕೊಳ್ಳಂಗಿಲ್ಲ. ಆದ್ರ ಮಠದ ಪಂಗತಿಯೊಳಗ ಹುಗ್ಗಿ ಮ್ಯಾಲ ತುಪ್ಪ ಬಿದ್ರ ಉಣ್ತೇನಿ. ಪ್ರಸಾದ ಎಲಿಯೊಳಗ ಬಿಡೋದು ನನ್ನ ಕಡೆಯಿಂದ ಆಗಂಗಿಲ್ಲ. ಇಲ್ಲಿಯ ವೀಗನ್ ಗೆಳತಿಯರು ಒಪ್ಪಂಗಿಲ್ಲ, ನಾ ಅವರ ಮುಂದ ಮುಚ್ಚಿಡಂಗೂ ಇಲ್ಲ.

ನನಗ ಇನ್ನೂ ಬಗಿಹರಿಯದ್ದು ನಮ್ಮ ಅಥಣಿಯಾಗ ಮಾಡೋ ಕೊಲ್ಹಾಪುರಿ ತೊಗಲ ಚಪ್ಪಲಿದು. 2019ರಾಗ ಕೊಲ್ಹಾಪುರಿ ಚಪ್ಪಲಿಗೆ ಜಿಐ ಗುರುತು (ಇದು ಇಂಥಾ ಸೀಮಿದ್ದ ಮಾಲು ಅನ್ನೋ ಸರಕಾರಿ ಗುರುತು) ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಾಗ ಸೇರಿದ್ವು. ಜಾಲಿ ತೊಗಟಿಯಿಂದ ಹದ ಮಾಡಿದ ತೊಗಲನ್ನ ಸಮಗಾರರ ಮನಿಮಂದಿ ಕೈಲೆ ಹೊಲೀತಾರ. ಇಲ್ಲಿ 'ವೀಗನ್ ಲೆದರ್' ಅಂತ ಮಾರೋದು ಬಹಳಷ್ಟು ಪಾಲಿಯುರೆಥೇನ್, ಅಂದ್ರ ಪ್ಲಾಸ್ಟಿಕ್. ಪ್ಲಾಸ್ಟಿಕ್ ಮಣ್ಣಾಗ ಕರಗಂಗಿಲ್ಲ, ಹೊಲಿಯೋ ಕೈಗೆ ಕೂಲಿನೂ ಕೊಡಂಗಿಲ್ಲ. ತೊಗಲು ಮಾತ್ರ ಒಂದು ಜೀವದ್ದು. ಸದ್ಯ ಇದ್ದ ಜೋಡನ್ನ ರಿಪೇರಿ ಮಾಡಿಸಿ ಹಾಕ್ಕೊಂತೇನಿ, ಹೊಸದು ತಗೊಂಡಿಲ್ಲ.

ಒಂದರಾಗ ಮಾತ್ರ ಹಿಂದಮುಂದ ನೋಡಬ್ಯಾಡ: ಬಿ12 ವಿಟಮಿನ್. ಗಿಡದ ಆಹಾರದಾಗ ಅದು ನಂಬೂಹಂಗ ಸಿಗಂಗಿಲ್ಲ. 1944ರಾಗ ಶುರುವಾದ ಬ್ರಿಟನ್ನಿನ ವೀಗನ್ ಸೊಸೈಟಿ ದಿನಕ್ಕ 10 ಮೈಕ್ರೊಗ್ರಾಂ, ಇಲ್ಲಾ ವಾರಕ್ಕ 2000 ಮೈಕ್ರೊಗ್ರಾಂ ಗುಳಿಗಿ ತಗೋ ಅಂತೈತಿ. 'ಬಯೋ' (ಸಾವಯವ) ಅಂತ ಬರೆದ ಓಟ್ಸ್ ಡ್ರಿಂಕಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಸೇರಿಸಿರಂಗಿಲ್ಲ, ಸೇರಿಸಿದ್ದನ್ನ ನೋಡಿ ತಗೋ. ಹಾಲು ಕುಡಿಯೋ ನಮ್ಮ ಸಸ್ಯಾಹಾರಿ ಮನಿಗಳಾಗೂ ಬಿ12 ಕಮ್ಮಿ ಇರೋದು ಭಾಳ ಕಾಣತೈತಿ. ಬಾಗಲಕೋಟ್ಯಾಗ ಈಗ ರಕ್ತ ತಪಾಸಣಿ ಮಾಡಿಸು. ಕಮ್ಮಿ ಇದ್ರ ಡಾಕ್ಟರು ಹೇಳಿದಂಗ ಮೊದ್ಲ ಅದನ್ನ ಸರಿ ಮಾಡ್ಕೊ, ಆಮ್ಯಾಲ ಹಾಲು ಬಿಡು.