ಓದುಗರ ಪ್ರಶ್ನೆ: ಪುಟ ತಡವಾಗಿ ತೆರೆಯುತ್ತದೆ, ತೆರೆದ ಮೇಲೂ ತಡವರಿಸುತ್ತದೆ

ಪ್ರಶ್ನೆ: ಕಿನ್ನಾಳದ ಬೊಂಬೆಗಳನ್ನು ಮಾರಲೆಂದು ನಮ್ಮ ಮನೆಯವರೇ ಸೇರಿ ಒಂದು ಜಾಲತಾಣ ಮಾಡಿಕೊಂಡಿದ್ದೇವೆ. ಮುಖಪುಟದಲ್ಲಿ 24 ಬೊಂಬೆಗಳ ಚಿತ್ರಗಳಿದ್ದು, ಫೋನಿನಲ್ಲಿ ಪುಟ ಪೂರ್ತಿ ತೆರೆಯಲು ಒಂದೂವರೆ ನಿಮಿಷ ಹಿಡಿಯುತ್ತದೆ. ತೆರೆದ ಮೇಲೂ ಬೆರಳಿನಿಂದ ಸರಿಸಿದರೆ ಎರಡನೆಯ ಸಾಲಿನ ಗರುಡನ ಹತ್ತಿರ ಗಕ್ಕನೆ ನಿಂತು, ಆಮೇಲೆ ಒಮ್ಮೆಲೇ ನಾಲ್ಕು ಸಾಲು ಹಾರಿಬಿಡುತ್ತದೆ. ಸರ್ವರ್ ಒದಗಿಸಿದವರು ಹೆಚ್ಚಿನ ದರದ ಯೋಜನೆ ತೆಗೆದುಕೊಳ್ಳಿ ಎನ್ನುತ್ತಾರೆ. ತೆಗೆದುಕೊಳ್ಳಬೇಕೆ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪುಟಕ್ಕೆ ಎರಡು ಬೇರೆ ಬೇರೆ ಕಾಯಿಲೆಗಳಿರುವಂತಿದೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ದುಡ್ಡು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ. ಮೊದಲು ಹೀಗೆ ಪರೀಕ್ಷಿಸಿ: ಪುಟ ಪೂರ್ತಿ ತೆರೆದುಕೊಳ್ಳುವವರೆಗೆ ಕಾದು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ಸರಿಸಿ ನೋಡಿ. ಆಗಲೂ ಗರುಡನ ಬಳಿ ನಿಂತರೆ, ಆ ತಡವರಿಕೆಗೆ ನೆಟ್‌ವರ್ಕೂ ಕಾರಣವಲ್ಲ, ಸರ್ವರೂ ಕಾರಣವಲ್ಲ. ಫೋನಿನ ಒಳಗಿನ ಕೆಲಸವೇ ಹೆಚ್ಚಾಗಿದೆ ಎಂದರ್ಥ.

ತೆರೆಯುವ ತಡಕ್ಕೆ ಚಿತ್ರಗಳೇ ಕಾರಣವಿರಬೇಕು. ಫೋನಿನಲ್ಲಿ ತೆಗೆದ ಫೋಟೋಗಳನ್ನು ಹಾಗೆಯೇ ಏರಿಸಿದ್ದರೆ ಒಂದೊಂದೂ ಸುಮಾರು 4 ಎಂಬಿ ಇರುತ್ತದೆ. 24 ಸೇರಿದರೆ 96 ಎಂಬಿ. ಸೆಕೆಂಡಿಗೆ 1 ಎಂಬಿ ಇಳಿಯುವ ಸಂಪರ್ಕದಲ್ಲಿ ಲೆಕ್ಕ ಹಾಕಿ, ನಿಮ್ಮ ಒಂದೂವರೆ ನಿಮಿಷ ಅಲ್ಲೇ ಸಿಗುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. 4000 ಅಡ್ಡ, 3000 ಉದ್ದದ ಚಿತ್ರವೆಂದರೆ 1.2 ಕೋಟಿ ಚುಕ್ಕೆಗಳು (ಪಿಕ್ಸೆಲ್‌ಗಳು). ಚುಕ್ಕೆಗೆ 4 ಬೈಟ್‌ನಂತೆ ಅದನ್ನು ಪೂರ್ತಿ ಬಿಚ್ಚಿ ಹರಡಿದರೆ ಫೋನಿನ ಮೆಮೊರಿಯಲ್ಲಿ 48 ಎಂಬಿ ಜಾಗ ಬೇಕು. ಇಷ್ಟೆಲ್ಲ ಆಗುವುದು ಅಂಗೈಯಗಲದ ಪರದೆಯಲ್ಲಿ ತೋರಿಸುವ ಒಂದು ಬೊಂಬೆಗಾಗಿ.

ಚಿತ್ರದ ಅಗಲವನ್ನು 1200 ಚುಕ್ಕೆಗಳಿಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ, ನೂರಕ್ಕೆ 75–80ರ ಗುಣಮಟ್ಟಕ್ಕೆ ಉಳಿಸಿಕೊಳ್ಳಿ. ಸ್ಕ್ವೂಷ್ ಎಂಬ ಉಚಿತ ಸಾಧನ ಬ್ರೌಸರ್‌ನಲ್ಲಿಯೇ ಈ ಕೆಲಸ ಮಾಡುತ್ತದೆ, ಮೊದಲಿನದನ್ನೂ ನಂತರದದನ್ನೂ ಪಕ್ಕಪಕ್ಕ ತೋರಿಸುತ್ತದೆ. ಕಿನ್ನಾಳದ ಕೆಂಪು, ಹಳದಿ ಮಂಕಾದೀತೆಂಬ ಭಯವಿದ್ದರೆ ನಿಮ್ಮ ಕಣ್ಣಿನಿಂದಲೇ ಹೋಲಿಸಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮತ್ತೆ ಇಳಿಸಿಕೊಂಡು ಗಾತ್ರ ತಗ್ಗಿಸುವ ನಮ್ಮ ಕಡೆಯ ಉಪಾಯವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎಷ್ಟು ತಗ್ಗಬೇಕೆಂಬುದು ಅಲ್ಲಿ ನಿಮ್ಮ ಕೈಯಲ್ಲಿರುವುದಿಲ್ಲ. ಪುಟದ ಎಚ್‌ಟಿಎಂಎಲ್ ಬರಹದಲ್ಲಿ ಕೆಳಗಿನ ಚಿತ್ರಗಳಿಗೆ 'ಲೋಡಿಂಗ್' (loading) ಗುಣವನ್ನು 'ಲೇಜಿ' (lazy) ಎಂದು ಕೊಟ್ಟರೆ ಓದುಗ ಹತ್ತಿರ ಬಂದಾಗಷ್ಟೇ ಅವು ಇಳಿಯುತ್ತವೆ. ಆದರೆ ತೆರೆದೊಡನೆ ಕಾಣುವ ಮೊದಲ ಚಿತ್ರಕ್ಕೆ ಇದನ್ನು ಕೊಡಬೇಡಿ, ಅದು ಇನ್ನೂ ತಡವಾಗುತ್ತದೆ. ಪ್ರತಿ ಚಿತ್ರದ ಉದ್ದಗಲವನ್ನು ಮೊದಲೇ ಬರೆದಿಟ್ಟರೆ ಪುಟ ನಡುವೆ ಕುಪ್ಪಳಿಸುವುದೂ ತಪ್ಪುತ್ತದೆ.

ಇನ್ನು ಸರಿಸುವಾಗಿನ ತಡವರಿಕೆ. ಸೆಕೆಂಡಿಗೆ 60 ಬಾರಿ ಹೊಸದಾಗಿ ಮೂಡುವ ಪರದೆಯಲ್ಲಿ ಒಂದೊಂದು ಬಾರಿಗೂ ಬ್ರೌಸರ್‌ಗೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್ ಮಾತ್ರ. ಚಿತ್ರಗಳನ್ನು ಕುಗ್ಗಿಸಿದ ಮೇಲೂ ತಡವರಿಕೆ ಉಳಿದರೆ, ಬೊಂಬೆಗಳು ಒಂದೊಂದಾಗಿ ತೇಲಿಬರುವಂತೆ ಮಾಡುವ ಸ್ಕ್ರಿಪ್ಟ್ ಏನಾದರೂ ನಿಮ್ಮ ವಿನ್ಯಾಸದಲ್ಲಿದೆಯೇ ಎಂದು ಹುಡುಕಿ. ಅಂಥ ಸ್ಕ್ರಿಪ್ಟ್ ಬೆರಳು ಅಲುಗಿದಾಗಲೆಲ್ಲ ಪ್ರತಿ ಚಿತ್ರವೂ ಎಲ್ಲಿದೆಯೆಂದು ಅಳೆಯುತ್ತ ಕೂತರೆ ಆ 16 ಮಿಲಿಸೆಕೆಂಡ್ ಸಾಲುವುದಿಲ್ಲ. ಇದೇ ಕೆಲಸವನ್ನು ಬ್ರೌಸರ್‌ನಲ್ಲೇ ಇರುವ 'ಇಂಟರ್‌ಸೆಕ್ಷನ್ ಅಬ್ಸರ್ವರ್' ಎಂಬ ಸೌಲಭ್ಯ ಹಗುರವಾಗಿ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಬೊಂಬೆ ತೇಲಿಬರುವ ಅಗತ್ಯವೇ ಇಲ್ಲ. ಹಿನ್ನೆಲೆಯ ಚಿತ್ರವನ್ನು ಅಲುಗದಂತೆ ನಿಲ್ಲಿಸಿದ್ದರೆ ಅದನ್ನೂ ತೆಗೆಯಿರಿ. ಬದಲಾವಣೆಗಳನ್ನು ಒಂದೊಂದಾಗಿಯೇ ಮಾಡಿ, ಪ್ರತಿ ಬಾರಿಯೂ ಏರೋಪ್ಲೇನ್ ಮೋಡ್‌ನ ಪರೀಕ್ಷೆ ನಡೆಸಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಯಾವ ತಾಣ ತೆರೆದರೂ ಪುಟ ಎಳೆದೆಳೆದು ಸರಿಯುತ್ತದೆ, ಅದೇ ತಾಣ ಫೋನಿನಲ್ಲಿ ಸರಾಗವಾಗಿದೆ.
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ತಾಣಗಳ ತಪ್ಪಿಲ್ಲ. ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಸಾಮಾನ್ಯವಾಗಿ ಓಡದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿದ್ದರೆ ನೀವು ಹಾಕಿಕೊಂಡಿರುವ ಎಕ್ಸ್‌ಟೆನ್ಷನ್‌ಗಳಲ್ಲಿ ಯಾವುದೋ ಒಂದು ತೊಂದರೆ ಕೊಡುತ್ತಿದೆ. ಅಲ್ಲಿಯೂ ಹಾಗೆಯೇ ಇದ್ದರೆ ಸೆಟ್ಟಿಂಗ್ಸ್‌ನ 'ಸಿಸ್ಟಮ್' ವಿಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸಲರೇಷನ್ (ಪುಟ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೌಲಭ್ಯ) ಆಫ್ ಆಗಿದೆಯೇ ನೋಡಿ, ಆಫ್ ಇದ್ದರೆ ಆನ್ ಮಾಡಿ ಕ್ರೋಮ್ ಅನ್ನು ಮುಚ್ಚಿ ತೆರೆಯಿರಿ.