ಎರಡು ಮನೆಯ ಕರೆಂಟ್ ಬಿಲ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಬಿಲ್ ಬಾಕಿಯ ಬಗ್ಗೆ ಸಲಹೆ ಕೇಳಲು ಗಂಡ ಹೆಂಡತಿ ನನ್ನ ಹತ್ತಿರ ಬಂದರು. ಕಲಬುರಗಿಯ ಬಿಸಿಲು ಗೊತ್ತಲ್ಲ, ಮೊದಲು ನೀರು ಕೊಟ್ಟೆ. ಗಂಡ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡವರು. ಹಿಂದಿನ ವರ್ಷ ಜಿಲ್ಲಾ ಕೋರ್ಟು ಅವರನ್ನು ದಿವಾಳಿ ಎಂದು ಘೋಷಿಸಿದೆ. ಸ್ವಂತ ಮನೆ ಹೋಯಿತು. ಈಗ ಬಾಡಿಗೆ ಮನೆ. ಹೆಂಡತಿ ರೊಟ್ಟಿ ಬಡಿದು ಮಾರುತ್ತಾರೆ.

"ಕೋರ್ಟೇ ದಿವಾಳಿ ಅಂತ ಹೇಳ್ಯದ್ರೀ ಮೇಡಂ. ಮತ್ತ ಕರೆಂಟ್ ಬಿಲ್ ಯಾಕ ಕಟ್ಬೇಕು?" ಎಂದರು ಗಂಡ.

"ಲೈನ್‌ಮನ್ ಬಂದ್ರ ಇವರು ಒಳಗ ಹೋಗಿ ಕುಂದರ್ತಾರ. ಮಾತಾಡಾಕಿ ನಾನೇ" ಎಂದರು ಹೆಂಡತಿ.

ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಬಿಲ್ಲುಗಳಿದ್ದವು. ಹಳೆ ಮನೆಯದೂ ಹೊಸ ಮನೆಯದೂ ಕಲಸಿಹೋಗಿದ್ದವು. ಟೇಬಲ್ ಮೇಲೆ ಎರಡು ಗುಡ್ಡೆ ಮಾಡಿದೆವು. ಕೋರ್ಟಿನ ಆದೇಶಕ್ಕಿಂತ ಹಿಂದಿನದು ಹಳೆ ಸಾಲ. ಅದನ್ನು ವಕೀಲರಿಗೆ ತೋರಿಸಿ, ಕೋರ್ಟಿಗೆ ಕೊಟ್ಟ ಸಾಲಗಳ ಪಟ್ಟಿಯಲ್ಲಿ ಸೇರಿದೆಯೋ ಇಲ್ಲವೋ ಕೇಳಿ ಎಂದೆ. ಆಮೇಲೆ ಉರಿಸಿದ ಕರೆಂಟಿಗೆ ದಿವಾಳಿಯ ಆಸರೆ ಇಲ್ಲ. ಅದು ಹೊಸ ಖರ್ಚು, ಕಟ್ಟಲೇಬೇಕು. ಮೀಟರ್ ಮಾಲೀಕರ ಹೆಸರಿನಲ್ಲಿದ್ದರೆ ಮನೆ ಖಾಲಿ ಮಾಡಿಸುವ ಭಯ ಬೇರೆ. ಈ ಹೊಸ ಮನೆಯ ಬಾಕಿ 5,600 ರೂಪಾಯಿ.

ಗಂಡ ಗೆಳೆಯನ ಹತ್ತಿರ ಕೈಸಾಲ ತಂದು ಒಮ್ಮೆಲೇ ತೀರಿಸುತ್ತೇನೆ ಎಂದರು. ಅಲ್ಲಿ ನಾನು ಗಟ್ಟಿಯಾಗಿ ಬೇಡ ಎಂದೆ. 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯ 72ನೇ ಕಲಂ ಪ್ರಕಾರ, ದಿವಾಳಿಯಿಂದ ಇನ್ನೂ ಬಿಡುಗಡೆಯಾಗದವರು ಅದನ್ನು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಮಾಡಿದರೆ ಅಪರಾಧ. ಈಗಿನ ಕಾಲಕ್ಕೆ ಎರಡು ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ ಲೆಕ್ಕ! ಅವರಿಗೆ ಇದು ಗೊತ್ತೇ ಇರಲಿಲ್ಲ.

ಹಾಗಾದರೆ ದಾರಿ? ಮಾಲೀಕರ ಸಹಿ ಹಾಕಿಸಿ, ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಗೆ ಕಂತು ಕೇಳಿ ಅರ್ಜಿ ಕೊಡಿ ಎಂದೆ. ಕಂತು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ, ಆದರೆ ಕೇಳದೆ ಕೂತರೆ ಫ್ಯೂಸ್ ಕಿತ್ತುಕೊಂಡು ಹೋಗುವುದು ಖಾತ್ರಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಲೈನ್ ಕಡಿಯುವ ಮೊದಲು 15 ದಿನದ ಲಿಖಿತ ನೋಟಿಸ್ ಬೇಕು. ಆ 15 ದಿನದಲ್ಲೇ ಓಡಾಡಬೇಕು. ಗಂಡ ತಿಂಗಳಿಗೆ 2,000 ಬರೆದರು. ನಾನು ಹೊಡೆದುಹಾಕಿ ಹೆಂಡತಿಯನ್ನು ಕೇಳಿದೆ. ರೊಟ್ಟಿ ಲೆಕ್ಕ ಹಾಕಿ "ಏಳ್ನೂರು" ಎಂದರು. ಅದನ್ನೇ ಬರೆದೆವು. ತಿಂಗಳ ಬಿಲ್ ಬೇರೆ ಕಟ್ಟಬೇಕು.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇನ್ನೂ ಹಳೆ ಮನೆಯ ಆರ್‌ಆರ್ ನಂಬರಿಗೇ (ಕರೆಂಟ್ ಸಂಪರ್ಕದ ನಂಬರ್) ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಹೊಸ ಮನೆಗೆ ಜೋಡಿಸಲು ಸರ್ಕಾರದ ಸೇವಾ ಸಿಂಧು ಪೋರ್ಟಲ್‌ಗೆ ಕಳಿಸಿದೆ. ಬಾಡಿಗೆದಾರರಿಗೂ ಅದು ಸಿಗುತ್ತದೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್, ಅದಕ್ಕೇ ಕೂಲರ್ ಮೇಲೆ ಕಣ್ಣಿರಲಿ ಎಂದೆ. 200 ವ್ಯಾಟಿನ ಕೂಲರ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್ ಅಲ್ವಾ?

ಎರಡನೇ ಕಂತಿನ ರಸೀದಿ ಹಿಡಿದು ಹೆಂಡತಿ ಒಬ್ಬರೇ ಬಂದರು. "ಈಗ ಮೀಟರ್ ಇವರೇ ದಿನಾ ನೋಡ್ತಾರ್ರೀ. ಕೂಲರ್ ಹಚ್ಚಿದ್ರ ಬೈತಾರ" ಎಂದು ನಕ್ಕರು. ಕೂಲರ್ ಪೂರ್ತಿ ಬಂದ್ ಮಾಡಿ ಎಂದು ನಾನು ಹೇಳಿರಲಿಲ್ಲ, ಅದನ್ನು ಅವರಿಗೆ ಹೇಳಿ ಎಂದೆ.